ಲ್ಯಾಪ್‌ಟಾಪ್‌ಗೆ ಬರುವ ನೆಟ್ ರೌಟರ್‌ಗೆ ಯಾಕೆ ಬರಲ್ಲ?

ಪ್ರಶ್ನೆ: ನಮ್ಮದು ಗಂಗಾವತಿ. ಆರು ವರ್ಷದಿಂದ ಕೇಬಲ್ ಟಿವಿಯವರ ಇಂಟರ್ನೆಟ್ ಇದೆ. ಟಿವಿ ವೈರಿನಂಥ ದಪ್ಪ ಕಪ್ಪು ವೈರು ಮೋಡೆಮ್‌ಗೆ ಬರುತ್ತೆ, ಅಲ್ಲಿಂದ ನೀಲಿ ವೈರು ರೌಟರ್‌ಗೆ ಹೋಗುತ್ತೆ. ಹಳೆ ರೌಟರ್‌ನ ವೈಫೈ ಮೇಲಿನ ಕೋಣೆಗೆ ಬರ್ತಿರಲಿಲ್ಲ ಅಂತ ಹೋದ ತಿಂಗಳು 2,800 ರೂಪಾಯಿ ಕೊಟ್ಟು ಹೊಸದು ತಂದೆ. ಅವತ್ತಿಂದ ಶುರುವಾಯ್ತು ನೋಡಿ. ಫೋನಿನಲ್ಲಿ ವೈಫೈ ಕಡ್ಡಿ ಫುಲ್, ಆದರೆ ‘ಇಂಟರ್ನೆಟ್ ಇಲ್ಲ’ ಅಂತ ತೋರಿಸುತ್ತೆ. ಎಲ್ಲ ಆಫ್ ಮಾಡಿ ಮೋಡೆಮ್‌ನಿಂದ ಮಗನ ಲ್ಯಾಪ್‌ಟಾಪ್‌ಗೆ ನೇರ ವೈರ್ ಹಾಕಿದರೆ ನೆಟ್ ಬರುತ್ತೆ. ಅದೇ ವೈರ್ ಕಿತ್ತು ರೌಟರ್‌ಗೆ ಚುಚ್ಚಿದರೆ ಇಲ್ಲ! ಒಂದೊಂದು ಸಲ ರೌಟರ್‌ನಲ್ಲೂ ತಾನೇ ಬಂದುಬಿಡುತ್ತೆ. ಕರೆಂಟ್ ಹೋಗಿ ಬಂದರೆ ಮತ್ತೆ ಅದೇ ಕಥೆ. ಸಾಲದ್ದಕ್ಕೆ ಸಂಜೆ ಹೊತ್ತು ಕಟ್ ಆಗ್ತಾ ಇರುತ್ತೆ. ಕೇಬಲ್‌ನವರು ‘ರೌಟರ್ ಬದಲಿಸಿ’ ಅಂತಾರೆ, ಅಂಗಡಿಯವರು ‘ಮೋಡೆಮ್ ಹಳೇದಾಗಿದೆ’ ಅಂತಾರೆ. ಮಗ ಮನೆಯಿಂದಲೇ ಬೆಂಗಳೂರಿನ ಕಂಪನಿ ಕೆಲಸ ಮಾಡ್ತಾನೆ. ಯಾರ ಮಾತು ನಂಬಲಿ? ಸುಮ್ನೆ ಫೈಬರ್ ಹಾಕಿಸಿಬಿಡಲಾ?

ಉತ್ತರ: ನಿಮ್ಮ ಪತ್ರ ಓದುತ್ತಾ ಒಂದು ಸಾಲಿನಲ್ಲಿ ನಿಂತೆ. ಎಲ್ಲ ಆಫ್ ಮಾಡಿ ಲ್ಯಾಪ್‌ಟಾಪ್‌ಗೆ ಹಾಕಿದರೆ ಬರುತ್ತೆ, ಅದೇ ವೈರ್ ಕಿತ್ತು ರೌಟರ್‌ಗೆ ಚುಚ್ಚಿದರೆ ಬರಲ್ಲ ಅಂದಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ. ಕೇಬಲ್‌ನವರೂ ಅಂಗಡಿಯವರೂ ಸುಳ್ಳು ಹೇಳುತ್ತಿಲ್ಲ. ತಮ್ಮ ತಮ್ಮ ಡಬ್ಬಿ ಸರಿ ಇದೆ ಅಂತ ಇಬ್ಬರೂ ಹೇಳುತ್ತಿದ್ದಾರೆ, ಅದು ಬಹುಶಃ ನಿಜವೇ. ಆದರೆ ಲೈನ್ ಬರ್ತಿದೆಯಾ ಅಂತ ನೋಡಲು ನೀವು ಪ್ರತಿ ಸಲ ಲ್ಯಾಪ್‌ಟಾಪ್ ಹಾಕುತ್ತೀರಲ್ಲ, ಆ ಪರೀಕ್ಷೆಯೇ ತೊಂದರೆಯನ್ನು ಮತ್ತೆ ಮತ್ತೆ ಹುಟ್ಟಿಸುತ್ತಿದೆ.

ಹೇಗೆ ಅಂತ ಹೇಳುತ್ತೇನೆ. ಓಣಿಯ ಕಂಬದಿಂದ ಬಂದ ಟಿವಿ ವೈರಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ತಿಳಿಯುವಂತೆ ತಿರುಗಿಸಿ ಕೊಡುವುದು ಮೋಡೆಮ್ಮಿನ ಕೆಲಸ. ಮನೆಯ ಹತ್ತು ಫೋನು, ಟಿವಿ, ಲ್ಯಾಪ್‌ಟಾಪಿಗೆ ಹಂಚುವುದು ಅದರ ಕೆಲಸವಲ್ಲ, ಅದು ರೌಟರ್‌ನದು. ಹೆಚ್ಚಿನ ಕೇಬಲ್‌ನವರು ಒಂದು ಮನೆಗೆ ಒಂದೇ ಐಪಿ ಅಡ್ರೆಸ್, ಅಂದರೆ ನೆಟ್‌ನಲ್ಲಿ ಸಾಧನವನ್ನು ಗುರುತಿಸುವ ವಿಳಾಸ, ಕೊಡುತ್ತಾರೆ. ಹಾಗಾಗಿ ಮೋಡೆಮ್ ಆನ್ ಆದಾಗ ತನ್ನ ಹಿಂದೆ ಮೊದಲು ಕಂಡ ಸಾಧನ ಯಾವುದು ಅಂತ ಗುರುತು ಹಾಕಿಕೊಳ್ಳುತ್ತದೆ. ಪ್ರತಿ ಸಾಧನಕ್ಕೂ ಕಂಪನಿಯಲ್ಲೇ ಕೊಟ್ಟ 12 ಅಕ್ಷರದ ಗುರುತು ಇರುತ್ತದೆ, ಅದಕ್ಕೆ ಮ್ಯಾಕ್ ಅಡ್ರೆಸ್ ಅನ್ನುತ್ತಾರೆ. ಬಸ್ ನಿಂತ ಕೂಡಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ. ಇಲ್ಲಿ ಇರುವುದು ಒಂದೇ ಸೀಟು. ನೀವು ಎಲ್ಲ ಆಫ್ ಮಾಡಿ ಲ್ಯಾಪ್‌ಟಾಪ್ ಹಾಕಿದಾಗ ಟವೆಲ್ ಹಾಕಿದ್ದು ಲ್ಯಾಪ್‌ಟಾಪ್. ಆಮೇಲೆ ಮೋಡೆಮ್ ಆನ್ ಇರುವಾಗಲೇ ವೈರ್ ಕಿತ್ತು ರೌಟರ್‌ಗೆ ಹಾಕಿದಿರಿ. ಲ್ಯಾಪ್‌ಟಾಪ್ ಎದ್ದು ಹೋದರೂ ಟವೆಲ್ ಇನ್ನೂ ಸೀಟಿನ ಮೇಲೇ ಇದೆ. ರೌಟರ್ ಪಾಪ ನಿಂತೇ ಇರುತ್ತದೆ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ರೌಟರ್‌ನ ಸೆಟ್ಟಿಂಗ್ ಪುಟ ತೆರೆಯಿರಿ. ಅದರ ವಿಳಾಸ ಸಾಮಾನ್ಯವಾಗಿ 192.168.0.1 ಅಥವಾ 192.168.1.1, ರೌಟರ್‌ನ ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಅಲ್ಲಿ ಇಂಟರ್ನೆಟ್ ಅಥವಾ ವ್ಯಾನ್ (WAN, ಅಂದರೆ ಹೊರಗಿನ ಲೈನ್) ಅನ್ನುವ ಕಡೆ ಐಪಿ ಅಡ್ರೆಸ್ ನೋಡಿ. 0.0.0.0 ಅಂತ ಇದ್ದರೆ ರೌಟರ್‌ಗೆ ಸೀಟೇ ಸಿಕ್ಕಿಲ್ಲ ಅಂತ ಅರ್ಥ. ಫೋನಿನ ವೈಫೈ ಕಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಆ ಕಡ್ಡಿಗಳು ಫೋನಿಗೂ ರೌಟರ್‌ಗೂ ನಡುವೆ ಮಾತು ಎಷ್ಟು ಚೆನ್ನಾಗಿ ಕೇಳುತ್ತಿದೆ ಅಂತ ಮಾತ್ರ ಹೇಳುತ್ತವೆ. ಆಚೆ ಕಡೆ ಲೈನೇ ಇಲ್ಲದಿದ್ದರೂ ಕಡ್ಡಿ ಫುಲ್ಲೇ ಇರುತ್ತದೆ. ಇದೊಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಹೊಸ ರೌಟರ್ ಕೊಂಡಿದ್ದಾರೆ.

ಸರಿ ಮಾಡುವುದು ಹೀಗೆ. ಮೋಡೆಮ್, ರೌಟರ್ ಎರಡರ ಅಡಾಪ್ಟರನ್ನೂ ಗೋಡೆಯಿಂದ ಕೀಳಿ. ನೀಲಿ ವೈರನ್ನು ಮೋಡೆಮ್‌ನಿಂದ ರೌಟರ್‌ನ ವ್ಯಾನ್ ಪೋರ್ಟ್‌ಗೆ ಹಾಕಿ. ಅದು ಉಳಿದ ನಾಲ್ಕಕ್ಕಿಂತ ಬೇರೆ ಬಣ್ಣದಲ್ಲಿ ಇರುತ್ತದೆ, ಇಲ್ಲವೇ ಸ್ವಲ್ಪ ದೂರ ಇರುತ್ತದೆ. ಒಂದೆರಡು ನಿಮಿಷ ಬಿಟ್ಟು ಮೋಡೆಮ್ ಮಾತ್ರ ಆನ್ ಮಾಡಿ. ದೀಪಗಳು ಒಂದೊಂದಾಗಿ ಮಿನುಗಿ, ಕೊನೆಗೆ ಆನ್‌ಲೈನ್ ದೀಪ ಮಿನುಗದೆ ನಿಲ್ಲಬೇಕು. ಮೂರು ನಿಮಿಷ ಆಗಬಹುದು, ಐದೂ ಆಗಬಹುದು. ಅಲ್ಲಿಯವರೆಗೆ ರೌಟರ್ ಮುಟ್ಟಬೇಡಿ. ಚಹಾಕ್ಕೆ ಇಡಿ. ದೀಪ ನಿಂತ ಮೇಲೆ ರೌಟರ್ ಆನ್ ಮಾಡಿ. ಹತ್ತರಲ್ಲಿ ಏಳೆಂಟು ಮನೆಗಳಲ್ಲಿ ನಾನು ಮಾಡುವ ರಿಪೇರಿ ಇಷ್ಟೇ, ಹೇಳಿಕೊಳ್ಳಲು ನಾಚಿಕೆ ಆಗುತ್ತದೆ.

ಇಷ್ಟು ಮಾಡಿದರೂ 0.0.0.0 ಇದ್ದರೆ, ಟವೆಲ್ ಮೋಡೆಮ್‌ನಲ್ಲಿ ಅಲ್ಲ, ಕೇಬಲ್‌ನವರ ಸರ್ವರ್‌ನಲ್ಲಿ ಇದೆ. ಅವರ ಕಡೆಯೂ ನಿಮ್ಮ ಹಳೆ ಸಾಧನದ ಗುರುತು ಇಟ್ಟುಕೊಂಡಿರುತ್ತಾರೆ. ಕೆಲವು ಕಡೆ ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ವಾಯಿದೆ ಇರುತ್ತದೆ, ವಾಯಿದೆ ಮುಗಿದ ಮೇಲೆ ಸೀಟು ಬಿಡುತ್ತದೆ. ‘ಒಂದೊಂದು ಸಲ ತಾನೇ ಬಂದುಬಿಡುತ್ತೆ’ ಅಂದಿರಲ್ಲ, ಅದರ ಗುಟ್ಟು ಇದೇ ಇರಬಹುದು. ಕಾಯುವುದು ಬೇಡ ಅಂದರೆ ಎರಡು ದಾರಿ ಇವೆ. ಕೇಬಲ್‌ನವರಿಗೆ ಫೋನ್ ಮಾಡಿ ‘ನೆಟ್ ಬರ್ತಿಲ್ಲ’ ಅನ್ನಬೇಡಿ. ‘ಹೊಸ ರೌಟರ್ ಹಾಕಿದೀನಿ, ಅದರ ಮ್ಯಾಕ್ ಅಡ್ರೆಸ್ ಬರ್ಕೊಂಡು ಹಳೇದನ್ನ ತೆಗೀರಿ’ ಅನ್ನಿ. ಈ ಒಂದು ಮಾತಿಗೆ ಅವರ ದನಿಯೇ ಬದಲಾಗುತ್ತದೆ. ಇನ್ನೊಂದು ದಾರಿ, ಹೊಸ ರೌಟರ್‌ನಲ್ಲೇ ಮ್ಯಾಕ್ ಕ್ಲೋನ್ ಅನ್ನುವ ಕಡೆ ಹೋಗಿ ಹಳೆ ರೌಟರ್‌ನ ಮ್ಯಾಕ್ ಅಡ್ರೆಸ್ ತುಂಬುವುದು. ಹಳೇದರ ಚೀಟಿಯಲ್ಲಿ ಅದು ಇರುತ್ತದೆ. ಕೆಲವು ರೌಟರ್‌ನ ವ್ಯಾನ್ ಪೋರ್ಟ್‌ಗೆ ಚೀಟಿಯಲ್ಲಿ ಇರುವುದಕ್ಕಿಂತ ಕೊನೆಯ ಅಕ್ಷರ ಒಂದು ಹೆಚ್ಚೋ ಕಡಿಮೆಯೋ ಇರುತ್ತದೆ, ಅದೂ ಗೊತ್ತಿರಲಿ. ಕ್ಲೋನ್‌ನಲ್ಲಿ ಒಂದು ಅಪಾಯ ಇದೆ. ಮುಂದೆ ಆ ಹಳೆ ರೌಟರನ್ನು ತಮ್ಮನ ಮನೆಗೆ ಕೊಟ್ಟು, ಅವರದೂ ಅದೇ ಕೇಬಲ್ ಆದರೆ, ಒಂದೇ ಹೆಸರಿನ ಇಬ್ಬರು ಒಂದೇ ಓಣಿಯಲ್ಲಿ ಇದ್ದಂತೆ ಆಗುತ್ತದೆ. ಇಬ್ಬರಿಗೂ ನೆಟ್ ನಿಲ್ಲುತ್ತದೆ, ಕಾರಣ ಯಾರಿಗೂ ಹೊಳೆಯಲ್ಲ. ಹಾಗಾಗಿ ನನ್ನ ಮಟ್ಟಿಗೆ ಫೋನ್ ಮಾಡುವುದೇ ವಾಸಿ.

ಒಂದು ಕೆಲಸ ಮಾತ್ರ ಮಾಡಬೇಡಿ. ರೌಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದರೆ ಎಲ್ಲ ಸರಿ ಹೋಗುತ್ತೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ಪಿನ್ ಚುಚ್ಚಿದರೆ ರೌಟರ್ ಅಂಗಡಿಯಿಂದ ಬಂದ ದಿನದಂತೆ ಖಾಲಿ ಆಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಹೋಗುತ್ತವೆ. ಕೆಲವು ಕೇಬಲ್‌ನವರು ಪಿಪಿಪಿಒಇ ಅಂತ ಒಂದು ಯೂಸರ್‌ನೇಮ್, ಪಾಸ್‌ವರ್ಡ್ ರೌಟರ್ ಒಳಗೆ ತುಂಬಿಸಿರುತ್ತಾರೆ. ಅದೂ ಹೋಗುತ್ತದೆ. ಆಮೇಲೆ ಅದನ್ನು ತುಂಬಿದ ಹುಡುಗ ಯಾರು, ಈಗ ಎಲ್ಲಿದ್ದಾನೆ ಅಂತ ಹುಡುಕಬೇಕು.

ಇನ್ನು ಕರೆಂಟ್ ಹೋಗಿ ಬಂದ ಮೇಲಿನ ಕಥೆ. ಇದು ಟವೆಲ್ಲಿನದಲ್ಲ, ಬೇರೆ. ಕರೆಂಟ್ ಬಂದಾಗ ಮೋಡೆಮ್, ರೌಟರ್ ಒಟ್ಟಿಗೆ ಏಳುತ್ತವೆ. ರೌಟರ್ ಒಂದು ನಿಮಿಷದಲ್ಲಿ ತಯಾರಾಗಿ ‘ನನಗೆ ಐಪಿ ಕೊಡು’ ಅಂತ ಕೇಳುತ್ತದೆ. ಮೋಡೆಮ್ ಇನ್ನೂ ಓಣಿಯ ಲೈನ್ ಹುಡುಕುತ್ತಾ ಇರುತ್ತದೆ. ಕೆಲವು ಮೋಡೆಮ್‌ಗಳು ಆ ಹೊತ್ತಿನಲ್ಲಿ ಬಾಯಿ ಮುಚ್ಚಿಸಲು ತಾವೇ ಒಂದು ತಾತ್ಕಾಲಿಕ ಅಡ್ರೆಸ್ ಕೊಡುತ್ತವೆ, 192.168.100 ರಿಂದ ಶುರುವಾಗುವಂಥದ್ದು. ಅಸಲಿ ಲೈನ್ ಬಂದ ಮೇಲೆ ಅದನ್ನು ಬಿಟ್ಟು ಹೊಸದು ತಗೊಳ್ಳಬೇಕು. ಜಾಣ ರೌಟರ್ ತಗೊಳ್ಳುತ್ತದೆ. ಕೆಲವು ಅದನ್ನೇ ಹಿಡಿದುಕೊಂಡು ಕೂರುತ್ತವೆ. ನಿಮ್ಮ ರೌಟರ್ ಪುಟದಲ್ಲಿ ವ್ಯಾನ್ ಐಪಿ 192.168.100 ಅಂತ ಶುರುವಾಗಿದ್ದರೆ ಇದೇ ಕಾಯಿಲೆ. ಆ ಪುಟದಲ್ಲೇ ರಿನ್ಯೂ ಬಟನ್ ಒತ್ತಿ, ಇಲ್ಲವೇ ರೌಟರ್ ಒಂದನ್ನೇ ಆಫ್ ಮಾಡಿ ಆನ್ ಮಾಡಿ. ಮೋಡೆಮ್ ಮುಟ್ಟಬೇಡಿ.

ದಿನಾ ಇದೇ ಆಗಬಾರದು ಅಂದರೆ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿ. ಎರಡನ್ನೂ! ಗಂಗಾವತಿ, ಸಿರುಗುಪ್ಪ, ಸಿಂಧನೂರು ಕಡೆ ನಾನು ನೋಡಿದ ಅನೇಕ ಮನೆಗಳಲ್ಲಿ ಮೋಡೆಮ್ ಟಿವಿ ಪಕ್ಕದ ಪ್ಲಗ್ಗಿನಲ್ಲಿ ಇರುತ್ತದೆ, ಅದಕ್ಕೆ ಇನ್ವರ್ಟರ್ ಇಲ್ಲ. ರೌಟರ್ ಹಾಲಿನ ಇನ್ವರ್ಟರ್ ಪ್ಲಗ್ಗಿನಲ್ಲಿ. ಹೀಗಿದ್ದರೆ ಕರೆಂಟ್ ಹೋದಾಗಲೂ ವೈಫೈ ಇರುತ್ತದೆ, ನೆಟ್ ಇರಲ್ಲ, ಮನೆಯವರು ಕೇಬಲ್‌ನವರನ್ನು ಬೈಯುತ್ತಾರೆ. ಇನ್ವರ್ಟರ್ ಇಲ್ಲದಿದ್ದರೆ ರೌಟರ್‌ಗೆ ಅಂತಲೇ ಸಿಗುವ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಾಕು, ಆದರೆ ಎರಡು ಸಾಧನಕ್ಕೆ ಎರಡು ಬೇಕಾಗಬಹುದು.

ಇಷ್ಟು ಮಾಡಿದರೂ ಕರೆಂಟ್ ಹೋದಾಗ ನೆಟ್ ಹೋದರೆ ಓಣಿ ಕಂಬ ನೋಡಿ. ಕೇಬಲ್‌ನವರ ಸಿಗ್ನಲ್ ದೂರ ಬಂದಷ್ಟೂ ಸೊರಗುತ್ತದೆ. ನಡುನಡುವೆ ಅದಕ್ಕೆ ಶಕ್ತಿ ತುಂಬಲು ಆಂಪ್ಲಿಫೈಯರ್ ಡಬ್ಬಿ ಇಟ್ಟಿರುತ್ತಾರೆ. ಅದಕ್ಕೂ ಕರೆಂಟ್ ಬೇಕಲ್ವಾ? ಅದಕ್ಕೆ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಎಷ್ಟು ದೊಡ್ಡ ಇನ್ವರ್ಟರ್ ಇದ್ದರೂ ಪ್ರಯೋಜನ ಇಲ್ಲ. ಇದನ್ನು ಕೇಬಲ್‌ನವರೇ ಸರಿ ಮಾಡಬೇಕು. ಓಣಿಯ ನಾಲ್ಕು ಮನೆಯವರು ಸೇರಿ ಕೇಳಿದರೆ ಮಾಡುತ್ತಾರೆ, ಒಬ್ಬರೇ ಕೇಳಿದರೆ ‘ನೋಡೋಣ’ ಅನ್ನುತ್ತಾರೆ.

ಅಡಾಪ್ಟರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಕಪ್ಪು, ಎರಡರ ಪಿನ್ನೂ ಒಂದೇ ಅಳತೆ. ಗುಡಿಸುವಾಗಲೋ ಸುಣ್ಣ ಹೊಡೆಸುವಾಗಲೋ ಕಿತ್ತು ಮತ್ತೆ ಹಾಕುವಾಗ ಅದಲುಬದಲು ಆಗುತ್ತವೆ. 12 ವೋಲ್ಟ್ ಬೇಕಾದ ಮೋಡೆಮ್‌ಗೆ 9 ವೋಲ್ಟ್ ಹೋದರೆ ದೀಪ ಉರಿಯುತ್ತದೆ, ಆದರೆ ಕೆಲಸ ಜಾಸ್ತಿ ಆದ ಕೂಡಲೇ ತಾನೇ ಆಫ್ ಆಗಿ ಆನ್ ಆಗುತ್ತದೆ. 9 ವೋಲ್ಟಿನದಕ್ಕೆ 12 ಹೋದರೆ ಸುಟ್ಟೇ ಹೋಗಬಹುದು. ವೋಲ್ಟ್ ಸರಿಯಾಗಿ ಹೊಂದಬೇಕು. ಆಂಪಿಯರ್ ಮಾತ್ರ ಬೇಕಾದಷ್ಟೋ ಅದಕ್ಕಿಂತ ಜಾಸ್ತಿಯೋ ಇದ್ದರೆ ನಡೆಯುತ್ತದೆ. ಈಗಲೇ ಒಂದು ಮಾರ್ಕರ್ ತಗೊಂಡು ಒಂದರ ಮೇಲೆ ‘ಮೋ’, ಇನ್ನೊಂದರ ಮೇಲೆ ‘ರೌ’ ಅಂತ ಬರೆದಿಡಿ. ಆರು ವರ್ಷದ ಅಡಾಪ್ಟರ್ ಸರಿಯಾದದ್ದೇ ಆಗಿದ್ದರೂ ಒಳಗಿನ ಕೆಪಾಸಿಟರ್ ಒಣಗಿರಬಹುದು. ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮನೆಯಲ್ಲಿ ಬಳಸುವ ಬಹುತೇಕ ರೌಟರ್‌ಗಳ ಮೇಲೆ 40 ಡಿಗ್ರಿವರೆಗೆ ಅಂತಲೇ ಬರೆದಿರುತ್ತದೆ. ಸೆಟ್ ಟಾಪ್ ಬಾಕ್ಸ್ ಮೇಲೆ ಮೋಡೆಮ್, ಮೋಡೆಮ್ ಮೇಲೆ ರೌಟರ್, ಅದರ ಮೇಲೆ ಧೂಳು ಬೀಳದಿರಲಿ ಅಂತ ಕಸೂತಿ ಬಟ್ಟೆ ಇಟ್ಟರೆ ಮೂರೂ ಬೇಯುತ್ತವೆ. ಬಿಡಿಬಿಡಿಯಾಗಿ ಇಡಿ. ಬಟ್ಟೆ ಚೆನ್ನಾಗಿದ್ದರೆ ಟೀಪಾಯಿ ಮೇಲೆ ಹಾಕಿ.

ನೀಲಿ ವೈರಿನ ಬಗ್ಗೆ ಎರಡು ಮಾತು. ಅದರ ತುದಿಯ ಪ್ಲಾಸ್ಟಿಕ್ ಕ್ಲಿಪ್ಪಿನ ನಾಲಿಗೆ ಮುರಿದಿದೆಯಾ ನೋಡಿ. ಮುರಿದಿದ್ದರೆ ಚುಚ್ಚಿದಾಗ ‘ಟಕ್’ ಅನ್ನಲ್ಲ, ಫ್ಯಾನ್ ಗಾಳಿಗೂ ಸಡಿಲ ಆಗುತ್ತದೆ. ಅದರೊಳಗೆ ಎಂಟು ಸಣ್ಣ ತಂತಿ ಇವೆ. 100 ಎಂಬಿಪಿಎಸ್‌ವರೆಗೆ ನಾಲ್ಕೇ ತಂತಿ ಸಾಕು. ಅದಕ್ಕಿಂತ ಜಾಸ್ತಿ ವೇಗದ ಪ್ಲಾನ್ ಇದ್ದು ಸ್ಪೀಡ್ ಸರಿಯಾಗಿ ತೊಂಬತ್ತು ತೊಂಬತ್ತೈದಕ್ಕೆ ನಿಂತುಬಿಟ್ಟರೆ ಒಳಗೆ ಒಂದು ತಂತಿ ಕಟ್ಟಾಗಿದೆ ಅಂತ ಸಂಶಯಪಡಿ. ಹೊಸ ಎರಡು ಮೀಟರ್ ವೈರ್ ನೂರು ಚಿಲ್ಲರೆ ರೂಪಾಯಿಗೆ ಸಿಗುತ್ತದೆ. ಚಿನ್ನದ ಬಣ್ಣದ ತುದಿ ಇರುವ ದುಬಾರಿ ವೈರ್ ತಗೊಳ್ಳಬೇಕು ಅಂತೇನಿಲ್ಲ. ವ್ಯಾನ್ ಪೋರ್ಟಿನ ದೀಪ ವೈರ್ ಬದಲಿಸಿದರೂ ಹತ್ತಲೇ ಇಲ್ಲ ಅಂದರೆ ಆ ಪೋರ್ಟೇ ಹೋಗಿರಬಹುದು. ಮೊದಲ ಮಳೆಯ ಗುಡುಗು ಸಿಡಿಲಿಗೆ ಹೀಗೆ ಸತ್ತ ಪೋರ್ಟುಗಳು ಪ್ರತಿ ವರ್ಷ ನನ್ನ ಮೇಜಿಗೆ ಬರುತ್ತವೆ. ನಿಮ್ಮದು ಆಗಾಗ ಬರ್ತಿದೆ ಅಂದಮೇಲೆ ಪೋರ್ಟ್ ಜೀವಂತ ಇದೆ.

ಈಗ ಸಂಜೆಯ ಕಟ್. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಸಂಜೆ ನೆಟ್ ತೊಂದರೆ ಅಂದರೆ ಎರಡು ಬೇರೆ ಬೇರೆ ವಿಷಯ ಇರಬಹುದು, ಎರಡಕ್ಕೂ ಔಷಧಿ ಬೇರೆ. ಕೇಬಲ್ ಇಂಟರ್ನೆಟ್‌ನಲ್ಲಿ ಓಣಿಯ ಹಲವು ಮನೆಗಳು ಒಂದೇ ಲೈನನ್ನು ಹಂಚಿಕೊಂಡಿರುತ್ತವೆ. ಸಂಜೆ ಎಲ್ಲರೂ ಸಿನಿಮಾ, ಕ್ರಿಕೆಟ್ ಹಚ್ಚಿದಾಗ ನಿಧಾನ ಆಗುತ್ತದೆ. ಆಗ ಮೋಡೆಮ್‌ನ ಆನ್‌ಲೈನ್ ದೀಪ ಗಟ್ಟಿಯಾಗಿ ಉರಿಯುತ್ತಲೇ ಇರುತ್ತದೆ, ವಿಡಿಯೋ ಮಾತ್ರ ಸುತ್ತುತ್ತಾ ಕೂರುತ್ತದೆ. ಇದಕ್ಕೆ ರೌಟರ್ ಬದಲಿಸಿದರೂ ಅಷ್ಟೇ, ನಾಲ್ಕು ಆಂಟೆನಾದ್ದು ತಂದರೂ ಅಷ್ಟೇ. ಆದರೆ ಆನ್‌ಲೈನ್ ದೀಪವೇ ಮಿನುಗಲು ಶುರು ಮಾಡಿ ಎರಡು ನಿಮಿಷ ಬಿಟ್ಟು ಮತ್ತೆ ನಿಂತರೆ, ಅದು ಸಿಗ್ನಲ್ ತೊಂದರೆ. ‘ಕಟ್ ಆಗ್ತಾ ಇರುತ್ತೆ’ ಅಂತ ಬರೆದಿದ್ದೀರಿ, ‘ನಿಧಾನ ಆಗುತ್ತೆ’ ಅಂದಿಲ್ಲ. ಹಾಗಾಗಿ ನನ್ನ ಸಂಶಯ ಎರಡನೆಯದರ ಮೇಲೆ.

ಇದನ್ನು ನೀವೇ ಅಳೆಯಬಹುದು. ಬ್ರೌಸರ್‌ನಲ್ಲಿ 192.168.100.1 ಅಂತ ಹಾಕಿ. ಬಹುತೇಕ ಕೇಬಲ್ ಮೋಡೆಮ್‌ಗಳ ಒಳಪುಟ ಇದೇ. ಕೆಲವು ಕೇಬಲ್‌ನವರು ಇದನ್ನು ಮುಚ್ಚಿರುತ್ತಾರೆ. ತೆರೆದರೆ ಸಿಗ್ನಲ್ ಅನ್ನುವ ಕಡೆ ಮೂರು ಸಂಖ್ಯೆ ನೋಡಿ. ಒಂದು, ಓಣಿಯಿಂದ ನಿಮ್ಮ ಕಡೆ ಬರುವ ಡೌನ್‌ಸ್ಟ್ರೀಮ್ ಪವರ್. ಮೈನಸ್ 7ರಿಂದ ಪ್ಲಸ್ 7ರ ಒಳಗೆ ಇದ್ದರೆ ನೆಮ್ಮದಿ. ಮೈನಸ್ 15 ಅಥವಾ ಪ್ಲಸ್ 15 ಮುಟ್ಟಿದರೆ ಅಂಚಿಗೆ ಬಂದಂತೆ. ಇನ್ನೊಂದು ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಮಾತು ಎಷ್ಟು ಜೋರಾಗಿದೆ ಅನ್ನುವ ಲೆಕ್ಕ. 33ಕ್ಕಿಂತ ಮೇಲಿರಲಿ. ನಾನು ಮೊದಲು ನೋಡುವುದು ಮೂರನೆಯದನ್ನು, ಅಪ್‌ಸ್ಟ್ರೀಮ್ ಪವರ್. ಇದು ನಿಮ್ಮ ಮೋಡೆಮ್ ಆಚೆ ಕಡೆಗೆ ಎಷ್ಟು ಜೋರಾಗಿ ಕೂಗಬೇಕಾಗಿದೆ ಅನ್ನುವುದು. ಗಂಗಾವತಿಯವರಿಗೆ ಇದನ್ನು ಹೇಳುವುದು ಸುಲಭ. ರೈಸ್ ಮಿಲ್ಲಿನ ಒಳಗೆ ನಿಂತು ಪಕ್ಕದವನಿಗೆ ಮಾತು ಕೇಳಿಸಬೇಕಾದರೆ ಗಂಟಲು ಹರಿಯುವಂತೆ ಕೂಗಬೇಕು. 40ರಿಂದ 48ರ ಒಳಗೆ ಇದ್ದರೆ ಮೋಡೆಮ್ ಸಹಜವಾಗಿ ಮಾತಾಡುತ್ತಿದೆ. 50 ದಾಟಿದರೆ ಕಿರುಚುತ್ತಿದೆ. ಅದಕ್ಕಿಂತ ಜೋರಾಗಿ ಕೂಗಲು ಅದಕ್ಕೆ ಆಗಲ್ಲ, ಸ್ವಲ್ಪ ಹೆಚ್ಚುಕಮ್ಮಿ ಆದರೂ ಲೈನ್ ಬಿಡುತ್ತದೆ. ಈ ಸಂಖ್ಯೆಗಳನ್ನು ಬೆಳಗ್ಗೆ ಒಂದು ಸಲ, ನೆಟ್ ಕಟ್ಟಾಗುವ ಸಂಜೆ ಹೊತ್ತಿಗೆ ಒಂದು ಸಲ ಫೋಟೋ ತೆಗೆದುಕೊಳ್ಳಿ. ಎರಡರ ನಡುವೆ ತುಂಬಾ ವ್ಯತ್ಯಾಸ ಇದ್ದರೆ ಎಲ್ಲೋ ಒಂದು ಕೂಡಿಕೆ ಬಿಸಿಲಿಗೆ ಸಡಿಲ ಆಗುತ್ತಿದೆ.

ಎಲ್ಲಿ? ಬಹಳ ಸಲ ಮಾಳಿಗೆ ಮೇಲೆ. ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಮನೆಗೆ ಹೋಗಿದ್ದೆ. ಅಪ್‌ಸ್ಟ್ರೀಮ್ 53 ತೋರಿಸುತ್ತಿತ್ತು. ಮಾಳಿಗೆ ಹತ್ತಿ ನೋಡಿದರೆ ನೀರಿನ ಟ್ಯಾಂಕಿನ ಬುಡಕ್ಕೆ ಒಂದು ಸ್ಪ್ಲಿಟರ್ ಕಟ್ಟಿದ್ದರು, ಒಂದರಿಂದ ನಾಲ್ಕು ಮಾಡುವಂಥದ್ದು. ಒಂದು ಟಿವಿಗೆ, ಒಂದು ಮೋಡೆಮ್‌ಗೆ, ಎರಡು ಖಾಲಿ ಬಾಯಿ ತೆರೆದು ಕೂತಿದ್ದವು. ಮೋಡೆಮ್ ಕಡೆಯ ತಿರುಪು ಬಿಚ್ಚಿದೆ. ಒಳಗಿಂದ ಒಂದು ಹನಿ ನೀರು ಬೆರಳಿಗೆ ಬಿತ್ತು. ನಡುವಿನ ತಾಮ್ರದ ತಂತಿ ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ಕಾಣಿಸದೆ ಬಿಟ್ಟಂತೆ ಹಸಿರಾಗಿತ್ತು. ಸುತ್ತಲಿನ ಅಲ್ಯೂಮಿನಿಯಂ ಜಾಲರಿ ಮುಟ್ಟಿದರೆ ಬಿಳಿ ಪುಡಿಯಾಗಿ ಉದುರುತ್ತಿತ್ತು. ಮೊದಲ ಸಲ ಗೇಣುದ್ದ ಕತ್ತರಿಸಿದೆ, ಒಳಗೆ ಇನ್ನೂ ಕಪ್ಪು. ಮತ್ತೊಂದು ಗೇಣು ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. ಹೊಸ ಕನೆಕ್ಟರ್ ಹಾಕಿ, ನಾಲ್ಕರ ಸ್ಪ್ಲಿಟರ್ ತೆಗೆದು ಎರಡರದ್ದು ಹಾಕಿದೆ. ಕೆಳಗೆ ಬಂದು ನೋಡಿದರೆ ಅಪ್‌ಸ್ಟ್ರೀಮ್ 44ಕ್ಕೆ ಇಳಿದಿತ್ತು. ಅವರು ಅಷ್ಟರಲ್ಲಿ ಎರಡು ರೌಟರ್ ಬದಲಿಸಿದ್ದರು.

ಸ್ಪ್ಲಿಟರ್ ಲೆಕ್ಕ ಇಷ್ಟೇ. ಎರಡು ದಾರಿ ಮಾಡಿದರೆ ಪ್ರತಿ ದಾರಿಗೂ ಸುಮಾರು 3.5 ಡಿಬಿ (ಡೆಸಿಬೆಲ್, ಸಿಗ್ನಲ್ ಅಳೆಯುವ ಲೆಕ್ಕ) ಕಮ್ಮಿ ಆಗುತ್ತದೆ, ಅಂದರೆ ಸಿಗ್ನಲ್ ಅರ್ಧಕ್ಕೂ ಕೆಳಗೆ. ನಾಲ್ಕು ಮಾಡಿದರೆ ಸುಮಾರು 7 ಡಿಬಿ. ಟಿವಿ ಇಷ್ಟನ್ನು ತಡೆದುಕೊಳ್ಳುತ್ತದೆ. ಟಿವಿಗೆ ಬರೀ ಕೇಳುವ ಕೆಲಸ, ವಾಪಸ್ ಮಾತಾಡಬೇಕಿಲ್ಲ. ಅದಕ್ಕೇ ‘ಟಿವಿ ಚೆನ್ನಾಗಿ ಬರ್ತಿದೆ, ಅಂದ್ಮೇಲೆ ಲೈನ್ ಸರಿ ಇದೆ’ ಅನ್ನುವ ಮಾತನ್ನು ನಂಬಬೇಡಿ. ಇದನ್ನು ಕೇಬಲ್ ಹುಡುಗರೂ ಹೇಳುತ್ತಾರೆ. ಒಮ್ಮೆ ಸ್ಪ್ಲಿಟರ್ ಬಿಟ್ಟು ನೇರ ವೈರನ್ನೇ ಮೋಡೆಮ್‌ಗೆ ಹಾಕಿಸಿ ನೋಡಿ. ಆ ಸಂಜೆ ಟಿವಿ ಇರಲ್ಲ, ಮನೆಯಲ್ಲಿ ಮೊದಲೇ ಹೇಳಿಬಿಡಿ.

ಈ ದಪ್ಪ ವೈರಿನ ಕೆಲಸ ನೀವೇ ಮಾಡಲು ಹೋಗಬೇಡಿ ಅಂತಲೇ ನನ್ನ ಸಲಹೆ. ಮೋಡೆಮ್ ಹಿಂದಿನ ತಿರುಪು ಕೈಯಲ್ಲಿ ಬಿಗಿ ಮಾಡುವುದಾದರೆ ಮೊದಲು ಮೋಡೆಮ್, ಟಿವಿ, ಸೆಟ್ ಟಾಪ್ ಬಾಕ್ಸ್ ಎಲ್ಲದರ ಪ್ಲಗ್ ಕೀಳಿ. ಓಣಿಯಲ್ಲಿ ಯಾವುದೋ ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಈ ವೈರಿನ ಹೊರ ಜಾಲರಿಯಲ್ಲಿ ಕರೆಂಟ್ ಹರಿದು ಬರುತ್ತದೆ, ಜುಮ್ ಅನ್ನುತ್ತದೆ. ನನಗೆ ಎರಡು ಸಲ ಚೆನ್ನಾಗಿಯೇ ಹೊಡೆದಿದೆ. ಟೆಸ್ಟರ್ ಇಟ್ಟಾಗ ದೀಪ ಹತ್ತಿದರೆ ಮುಟ್ಟಬೇಡಿ, ಕೇಬಲ್‌ನವರಿಗೂ ಒಬ್ಬ ಎಲೆಕ್ಟ್ರಿಷಿಯನ್‌ಗೂ ಹೇಳಿ. ಗುಡುಗು ಶುರುವಾದರೆ ವೈರನ್ನು ಮುಟ್ಟುವ ಮಾತೇ ಬೇಡ. ಮಳೆ ಬರುವ ಮೊದಲೇ ಪ್ಲಗ್ ಕಿತ್ತಿಟ್ಟರೆ ಒಳ್ಳೆಯದು.

ಈಗ ಫೈಬರ್. ನಿಮ್ಮ ಓಣಿಗೆ ಬಂದಿದ್ದರೆ, ಮಗನ ಕೆಲಸ ನೆಟ್ ಮೇಲೇ ನಿಂತಿದ್ದರೆ, ಹಾಕಿಸುವುದು ತಪ್ಪಲ್ಲ. ಫೈಬರ್ ಅಂದರೆ ಗಾಜಿನ ಎಳೆ, ಒಳಗೆ ಬೆಳಕು ಹರಿಯುತ್ತದೆ. ತುಕ್ಕು ಹಿಡಿಯಲ್ಲ, ಜುಮ್ ಅನ್ನಲ್ಲ, ನಡುವೆ ಓಣಿಗೊಂದು ಆಂಪ್ಲಿಫೈಯರ್ ಬೇಕಿಲ್ಲ. ಆದರೆ ಜೋರಾಗಿ ಬಗ್ಗಿಸಿದರೆ ಬೆಳಕು ಸೋರುತ್ತದೆ, ಮುರಿದರೆ ಟೇಪ್ ಸುತ್ತಿ ಕೂಡಿಸಲು ಆಗಲ್ಲ, ಮಷಿನ್ ತಂದು ಬೆಸೆಯಬೇಕು. ಅಂಜನಾದ್ರಿ, ಆನೆಗೊಂದಿ ಕಡೆಯ ಗಿರಾಕಿಗಳಿಗೆ ನಾನು ಮೊದಲು ಕೇಳುವುದು ಮಂಗಗಳ ಬಗ್ಗೆ. ಅಲ್ಲಿ ಮಾಳಿಗೆ ಮೇಲೆ ಬಿಡಿಯಾಗಿ ಬಿಟ್ಟ ಎಳೆ ಜಾಸ್ತಿ ದಿನ ಉಳಿಯಲ್ಲ. ಪೈಪಿನೊಳಗೆ ಹಾಕಿಸಬೇಕು.

ಫೈಬರ್ ಬಂದರೆ ರೌಟರ್ ಜಗಳ ಮುಗಿಯುತ್ತೆ ಅಂದುಕೊಳ್ಳಬೇಡಿ, ಇನ್ನೊಂದು ರೂಪದಲ್ಲಿ ಬರುತ್ತದೆ. ಫೈಬರ್‌ನವರು ಕೊಡುವ ಡಬ್ಬಿಗೆ ಓಎನ್‌ಯು ಅನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ರೌಟರ್, ವೈಫೈ ಒಳಗೇ ಇರುತ್ತದೆ. ಅದರ ಹಿಂದೆ ನಿಮ್ಮ 2,800 ರೂಪಾಯಿಯ ರೌಟರ್ ಹಾಕಿದರೆ ಒಂದು ಮನೆಗೆ ಇಬ್ಬರು ಯಜಮಾನರು ಆಗುತ್ತಾರೆ. ಎರಡೂ ‘ನನ್ನ ವಿಳಾಸ 192.168.1.1’ ಅಂದರೆ ನೆಟ್ ನಿಂತೇ ಹೋಗುತ್ತದೆ. ಆಗ ನಿಮ್ಮ ರೌಟರ್‌ನ ವಿಳಾಸವನ್ನು 192.168.10.1 ಅಂತ ಬದಲಿಸಿದರೆ ನೆಟ್ ಬರುತ್ತದೆ. ಆದರೂ ಹೊರಗಿನಿಂದ ಮನೆಯ ಸಿಸಿಟಿವಿ ನೋಡುವುದಕ್ಕೆ, ಕೆಲವು ಆಟಗಳಿಗೆ, ಕೆಲವು ಕಂಪನಿಗಳ ವಿಪಿಎನ್‌ಗೆ (ಮನೆಯಿಂದ ಕಂಪನಿಯ ನೆಟ್‌ವರ್ಕ್‌ಗೆ ಸೇರುವ ಸುರಕ್ಷಿತ ದಾರಿ) ಇಬ್ಬರು ಯಜಮಾನರು ಆಗಿಬರಲ್ಲ. ಓಎನ್‌ಯುವನ್ನು ಬ್ರಿಡ್ಜ್ ಮಾಡಿಸಿದರೆ ಅದು ಬರೀ ಮೋಡೆಮ್ ಆಗಿ ಸುಮ್ಮನಿರುತ್ತದೆ, ಯಜಮಾನಿಕೆ ನಿಮ್ಮ ರೌಟರ್‌ನದು. ಇದು ಚೊಕ್ಕ ದಾರಿ, ಆದರೆ ಅದರ ವೈಫೈ ನಿಂತುಹೋಗುತ್ತದೆ, ಅದರ ಮೂಲಕ ಲ್ಯಾಂಡ್‌ಲೈನ್ ಫೋನ್ ಇದ್ದರೆ ಕೆಲವು ಕಡೆ ಅದೂ ನಿಲ್ಲಬಹುದು. ನಾಳೆ ತೊಂದರೆ ಆದಾಗ ‘ಬ್ರಿಡ್ಜ್ ಮಾಡಿಸಿದ್ದು ನೀವೇ’ ಅಂತ ಕೈ ತೊಳೆದುಕೊಳ್ಳುವವರೂ ಇದ್ದಾರೆ. ವಿಪಿಎನ್, ಸಿಸಿಟಿವಿ ಇಲ್ಲದ ಮನೆಗೆ ನಾನು ಬ್ರಿಡ್ಜ್ ಹೇಳುವುದೇ ಇಲ್ಲ.

ನನ್ನ ಮಾತು ಕೇಳುವುದಾದರೆ ಮೊದಲು ಆನ್ ಮಾಡುವ ಕ್ರಮ, ಅಡಾಪ್ಟರ್, ಮಾಳಿಗೆ ಕನೆಕ್ಟರ್ ಇವಿಷ್ಟನ್ನು ನೋಡಿ. ಎಲ್ಲ ಸೇರಿ ಐನೂರು ರೂಪಾಯಿ ದಾಟಲ್ಲ. ಒಂದು ವಾರ ಆದ ಮೇಲೂ ಆನ್‌ಲೈನ್ ದೀಪ ಮಿನುಗುತ್ತಿದ್ದರೆ ಫೈಬರ್‌ಗೆ ಹೋಗಿ. ಅಲ್ಲಿಯವರೆಗೆ ಲೈನ್ ನೋಡಲು ಲ್ಯಾಪ್‌ಟಾಪ್ ಹಾಕಬೇಡಿ, ದೀಪ ನೋಡಿ. ಹಾಕಲೇಬೇಕು ಅಂದರೆ ಆಮೇಲೆ ಮೋಡೆಮ್ ಆಫ್ ಮಾಡದೆ ರೌಟರ್‌ಗೆ ವೈರ್ ಚುಚ್ಚಬೇಡಿ.

ಇನ್ನು ಒಂದು ಉಳಿದಿದೆ. ಇದೆಲ್ಲ ಶುರುವಾಗಿದ್ದು ಮೇಲಿನ ಕೋಣೆಗೆ ವೈಫೈ ಬರಲಿಲ್ಲ ಅಂತ ಅಲ್ವಾ? ಹೊಸ ರೌಟರ್‌ನಿಂದ ಅದು ಸರಿ ಆಯ್ತಾ ಅಂತ ನೀವು ಬರೆದೇ ಇಲ್ಲ. ಬಹುಶಃ ಆಗಿರಲ್ಲ. ಕಾಂಕ್ರೀಟ್ ಸ್ಲ್ಯಾಬ್ ದಾಟುವಾಗ ಯಾವ ರೌಟರ್ ಆದರೂ ಸೊರಗುತ್ತದೆ, ಆಂಟೆನಾ ಎಷ್ಟಿದ್ದರೂ. ಹಳೆ ರೌಟರ್ ಎಸೆದಿಲ್ಲ ತಾನೇ? ಹೊಸ ರೌಟರ್‌ನ ಲ್ಯಾನ್ (LAN, ಮನೆಯೊಳಗಿನ ಸಾಧನಗಳಿಗೆ ಇರುವ) ಪೋರ್ಟ್‌ನಿಂದ ಮೆಟ್ಟಿಲ ಪಕ್ಕ ಒಂದು ವೈರ್ ಮೇಲಕ್ಕೆ ಎಳೆಸಿ. ಹಳೇದನ್ನು ಮೊದಲು ಒಂಟಿಯಾಗಿ ಲ್ಯಾಪ್‌ಟಾಪ್‌ಗೆ ಹಚ್ಚಿ, ಅದರ ವಿಳಾಸ ಬದಲಿಸಿ. ಹೊಸದು 192.168.0.1 ಇದ್ದರೆ ಇದಕ್ಕೆ 192.168.0.2 ಕೊಡಿ. ಆಮೇಲೆ ಅದರ ಡಿಎಚ್‌ಸಿಪಿ, ಅಂದರೆ ಸಾಧನಗಳಿಗೆ ಐಪಿ ಹಂಚುವ ಕೆಲಸ, ಆಫ್ ಮಾಡಿ. ಈ ಕ್ರಮ ತಪ್ಪಿಸಬೇಡಿ, ಡಿಎಚ್‌ಸಿಪಿ ಮೊದಲು ಆಫ್ ಮಾಡಿದರೆ ಆ ಪುಟಕ್ಕೆ ಮತ್ತೆ ಹೋಗುವುದೇ ಕಷ್ಟ ಆಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಕೆಳಗಿನದ್ದನ್ನೇ ಇಡಿ. ಕೆಳಗೆ ವೈಫೈ ಚಾನೆಲ್ 1 ಇದ್ದರೆ ಮೇಲೆ 6 ಅಥವಾ 11 ಇಡಿ. ಕೊನೆಗೆ ಕೆಳಗಿನಿಂದ ಬಂದ ವೈರನ್ನು ಹಳೆ ರೌಟರ್‌ನ ವ್ಯಾನ್ ಪೋರ್ಟ್‌ಗೆ ಅಲ್ಲ, ಲ್ಯಾನ್ ಪೋರ್ಟ್‌ಗೆ ಚುಚ್ಚಿ. ಹಳೆ ಡಬ್ಬಿಗೆ ಕೆಲಸ ಸಿಗುತ್ತದೆ, ಮಗ ಮೇಲಿನ ಕೋಣೆಯಲ್ಲಿ ಕೂತು ಮೀಟಿಂಗ್ ಮಾಡಬಹುದು.